ಚಾರ್ಜ್ ಉಟ್ಟಾ?

ಭಾವನ ಮೇಲಿನ ಸಿಟ್ಟನ್ನು ನಾನು ಇನ್ನೂ ಬಿಟ್ಟಿಲ್ಲ. ಬಿಡುವ ಯೋಚನೆಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಇವಳು ಕರಗಿದಳು, ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿದರು ಎಂದು ಯಾರೂ ಕಾಯುವುದು ಬೇಡ. ಕಾಫಿ ಕುಡಿದದ್ದು ಹೌದು, ಕರಗಿದ್ದು ಸುಳ್ಳು.

ಭಾವ ಎಂದರೆ ನನ್ನ ಗಂಡನ ಅಣ್ಣ. ಕೊಡಗಿನ ಮೂರ್ನಾಡು ಪೇಟೆಯಲ್ಲಿ ಅವರದೊಂದು ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಮೊಬೈಲ್ ಕವರ್, ಹಳೆಯ ಕಂಪ್ಯೂಟರ್ ಮಾರಾಟ ಮತ್ತು ರಿಪೇರಿ. ಅವರ ಮನೆ ನಮ್ಮ ತೋಟದ ಕೆಳಗಿನ ಬದಿಯಲ್ಲಿ. ಅಂಗಡಿ ಮುಚ್ಚಿ ಬರುವಾಗ ದಿನಾ ನಮ್ಮಲ್ಲಿ ಸ್ಕೂಟರ್ ನಿಲ್ಲಿಸಿ, ಅವರ ಅಮ್ಮನ, ಅಂದರೆ ನನ್ನ ಅತ್ತೆಯ, ಕೈಯ ಕಾಫಿ ಕುಡಿದು, ನನ್ನನ್ನು ಒಂದು ಸುತ್ತು ಗೇಲಿ ಮಾಡಿಯೇ ಕೆಳಗೆ ಇಳಿಯುವುದು. ನನ್ನ ಗಂಡ ಕುಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಭಾನುವಾರ ಮಾತ್ರ ಮನೆಗೆ ಬರುತ್ತಾರೆ. ನಾನು ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ದಿನವಿಡೀ ಬರೆಯುವವಳು ನಾನು, ಆದರೆ ಊರಿಗೆ ರೈಟರ್ ಮಾತ್ರ ಕೆಲಸದವರ ಹಾಜರಿ ತೆಗೆಯುವ ನನ್ನ ಗಂಡ. ನಾನೇನು ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ಭಾವ, ‘ಅವಳು ಕಂಪ್ಯೂಟರ್ ನೋಡಿಕೊಂಡು ಕೂತಿರ್ತಾಳೆ’ ಎನ್ನುತ್ತಿದ್ದರು.

ನನ್ನ ತವರು ಶನಿವಾರಸಂತೆ ಕಡೆ. ನಮ್ಮ ಮಾತು ಹಾಸನದವರ ಮಾತಿನ ಹಾಗೆ. ಮದುವೆಯಾಗಿ ಈ ಮನೆಗೆ ಬಂದಾಗ ಇವರ ಮನೆಮಾತು ಅರೆಭಾಷೆ ಕಿವಿಗೆ ಹತ್ತಲು ಸ್ವಲ್ಪ ಕಾಲ ಬೇಕಾಯಿತು. ಇವರಲ್ಲಿ ‘ಉಟ್ಟು’ ಎಂದರೆ ‘ಇದೆ’. ಅನ್ನ ಉಟ್ಟು, ನೀರು ಉಟ್ಟು. ನನಗೋ ಉಡುವುದೆಂದರೆ ಸೀರೆ ಮಾತ್ರ. ‘ಸಾರು ಉಟ್ಟಾ?’ ಎಂದು ಮೊದಲ ಸಲ ಭಾವ ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಅವರು ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುವುದು, ಆದರೆ ಕೆಣಕುವಾಗ ಮಾತ್ರ ಅರೆಭಾಷೆ ಬಳಸುತ್ತಾರೆ. ಆ ನಗುವಿನ ಬಾಕಿಯನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಅನುಮಾನ.

ನನ್ನ ಲ್ಯಾಪ್‌ಟಾಪ್ ಭಾವನ ಅಂಗಡಿಯಿಂದಲೇ ಬಂದದ್ದು, ಸೆಕೆಂಡ್ ಹ್ಯಾಂಡ್. ಅವರು ಅದರೊಳಗೆ ಏನೇನೋ ತುಂಬಿಸಿ ಕೊಟ್ಟಿದ್ದರು. ಆನ್ ಮಾಡಿ, ಕೋಳಿಗಳಿಗೆ ಕಾಳು ಹಾಕಿ ಬಂದರೂ ಅದಕ್ಕೆ ಎಚ್ಚರ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಎಲ್ಲ ಅಳಿಸಿ, ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಯಾರನ್ನೂ ಕೇಳಲಿಲ್ಲ. ಓದಿದೆ, ಮಾಡಿದೆ, ಆಯಿತು. ಯಂತ್ರಕ್ಕೆ ಹೊಸ ಜೀವ ಬಂದ ಹಾಗಾಯಿತು.

ಭಾವನಿಗೆ ಗೊತ್ತಾದಾಗ ಮುಖ ಗಂಟಿಕ್ಕಿಕೊಂಡರು. ಅವರು ಕೊಟ್ಟ ಸೀರೆಯನ್ನು ನಾನು ನೆಲ ಒರೆಸಲು ಹಾಕಿದ್ದೇನೋ ಎಂಬಂತೆ ನೋಡಿದರು.

‘ಪುಕ್ಕಟೆ ಸಿಗ್ತದೆ ಅಂತ ಏನು ಬೇಕಾದ್ರೂ ತುಂಬಿಸುದಾ ಮಾರಾಯ್ತಿ? ಇದೆಂತ ಅಕ್ಕಿ ಡಬ್ಬವಾ? ನಾಳೆ ಕೆಟ್ಟರೆ ನನ್ನ ಅಂಗಡಿಗೆ ತರಬೇಡ.’

‘ತರುದಿಲ್ಲ ಭಾವ’ ಎಂದೆ. ಆ ಮಾತಿನಲ್ಲಿ ನಾನು ಸಿಕ್ಕಿಬಿದ್ದೆ.

ಯಾಕೆಂದರೆ ಮಳೆ ಹಿಡಿದದ್ದೇ ಲ್ಯಾಪ್‌ಟಾಪ್ ಕೈಕೊಡಲು ಶುರು ಮಾಡಿತು. ಸಂಜೆ ಕೆಲಸ ಮುಗಿಸಿ, ಬ್ಯಾಟರಿ ತುಂಬಿರುವುದನ್ನು ಕಣ್ಣಾರೆ ನೋಡಿ, ಮುಚ್ಚಳ ಮುಚ್ಚಿ ಜಗಲಿಯ ಮೇಜಿನ ಮೇಲೆ ಇಡುತ್ತಿದ್ದೆ. ಬೆಳಿಗ್ಗೆ ತೆಗೆದರೆ ಬ್ಯಾಟರಿ ಬರಿದು. ಅದೂ ಹೋಗಲಿ, ಚಾರ್ಜರ್ ಚುಚ್ಚಿದರೆ ಪರದೆಯ ಮೂಲೆಯಲ್ಲಿ ‘ಚಾರ್ಜ್ ಆಗುತ್ತಿಲ್ಲ’ ಎಂಬ ಬರಹ. ತಿಂಡಿ ತಿಂದು, ಪಾತ್ರೆ ತೊಳೆದು ಬರುವಷ್ಟರಲ್ಲಿ ತನ್ನಷ್ಟಕ್ಕೆ ಚಾರ್ಜ್ ಆಗಲು ಶುರುವಾಗಿರುತ್ತಿತ್ತು. ಯಾಕೆ ನಿಂತಿತ್ತು, ಯಾಕೆ ಶುರುವಾಯಿತು, ಒಂದೂ ಅರ್ಥವಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ನನಗೊಂದು ಅವಕಾಶ ಬಂತು. ನಾನು ಆಗೀಗ ಕೆಲಸ ಮಾಡಿಕೊಡುತ್ತಿದ್ದ ಪ್ರಕಾಶನದವರಿಗೆ ಕಾಯಂ ಅನುವಾದಕಿ ಬೇಕಾಗಿತ್ತು. ಮನೆಯಿಂದಲೇ ಕೆಲಸ. ಆದರೆ ಮೊದಲು ಆನ್‌ಲೈನಿನಲ್ಲಿ, ಕ್ಯಾಮೆರಾ ಎದುರಿಗೆ ಕೂತು, ಅವರು ಕೊಟ್ಟದ್ದನ್ನು ಅಲ್ಲೇ ಅನುವಾದಿಸಿ ತೋರಿಸಬೇಕು. ನಾನು ತಲೆ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು ಕೂತೆ. ಅರ್ಧ ಆಗುವಷ್ಟರಲ್ಲಿ ಕರೆಂಟು ಹೋಯಿತು. ಅದು ಹೋಗುವುದೇ, ಮಳೆಗಾಲ. ಬ್ಯಾಟರಿ ಇದೆಯಲ್ಲ ಎಂದುಕೊಂಡೆ. ಅಂದುಕೊಂಡು ಮುಗಿಯುವ ಮೊದಲು ಪರದೆ ಕಪ್ಪಾಯಿತು. ಆ ಕಪ್ಪು ಪರದೆಯಲ್ಲಿ ನನ್ನ ಮುಖ ನನಗೇ ಕಂಡಿತು. ಅಷ್ಟು ಪೆಚ್ಚಾದ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ.

ಪ್ರಕಾಶನದವರು ಒಳ್ಳೆಯವರು. ಇನ್ನೊಂದು ದಿನ ಕೊಟ್ಟರು, ಇದೇ ಕೊನೆ ಎಂದೂ ಹೇಳಿದರು.

ಭಾನುವಾರ ಊಟಕ್ಕೆ ಗಂಡನ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಭಾವ ಅವರೆದುರಿಗೆ ಈ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದರು. ನಾನು ಸೀರೆ ಉಟ್ಟು ಕೂತದ್ದು, ಸೀರೆ ಉಟ್ಟರೂ ಚಾರ್ಜ್ ಉಟ್ಟಿರಲಿಲ್ಲ ಎಂಬುದು, ಎಲ್ಲ. ಎಲ್ಲರೂ ನಕ್ಕರು. ನನ್ನ ಗಂಡನೂ ತಟ್ಟೆ ನೋಡಿಕೊಂಡು ನಕ್ಕರು. ಆಮೇಲೆ ಭಾವ ದೊಡ್ಡ ಮನಸ್ಸು ಮಾಡಿದವರ ಧಾಟಿಯಲ್ಲಿ ಹೇಳಿದರು.

‘ನೋಡು, ಇದೆಲ್ಲ ನಿನ್ನಿಂದ ಆಗುದಲ್ಲ. ಅಂಗಡಿಗೆ ಬಾ. ಜೆರಾಕ್ಸ್ ಕೌಂಟರಲ್ಲಿ ಒಂದು ಜನ ಬೇಕು ನಂಗೆ. ಬಟನ್ ಒತ್ತುದು ಮಾತ್ರ, ತಲೆ ಬೇಡ.’

ಚಿಕ್ಕಪ್ಪ ‘ಅದೂ ಒಳ್ಳೇದೇ’ ಎಂದರು. ಗಂಡ ‘ನೋಡುವ’ ಎಂದರು. ಈ ‘ನೋಡುವ’ ಎಂಬುದು ನಮ್ಮ ಮನೆಯಲ್ಲಿ ‘ಹೌದು’ ಎಂಬುದರ ಇನ್ನೊಂದು ಹೆಸರು. ಆ ಕೆಲಸ ಸಿಗದಿದ್ದರೆ ನಾನು ಭಾವನ ಕೈಕೆಳಗೆ ನಿಂತು ಆಧಾರ್ ಕಾರ್ಡಿನ ಎರಡೂ ಬದಿ ಜೆರಾಕ್ಸ್ ತೆಗೆಯುತ್ತಿರಬೇಕು ಎಂದು ಆ ಊಟದಲ್ಲೇ ತೀರ್ಮಾನವಾಗಿಹೋಯಿತು. ಬಡಿಸುತ್ತಿದ್ದ ಅತ್ತೆ ಒಬ್ಬರೇ ‘ಅವಳ ಕೆಲಸ ಅವಳಿಗಿರಲಿ’ ಎಂದದ್ದು. ಅದಕ್ಕೆ ಭಾವ, ‘ಅಮ್ಮಂಗೆ ಎಂತ ಗೊತ್ತು, ಸುಮ್ಮನಿರಿ’ ಎಂದು ಬಾಯಿ ಮುಚ್ಚಿಸಿದರು.

ಅವತ್ತು ಕೈ ತೊಳೆಯುವಾಗ ನಾನು ಶಪಥ ಮಾಡಿದೆ. ಇದೇ ಜನರ ಎದುರಿಗೆ, ಇದೇ ಮೇಜಿನಲ್ಲಿ, ಈ ಮನುಷ್ಯನ ಬಾಯಿ ಕಟ್ಟಬೇಕು.

ಅಲ್ಲಿಂದ ದಿನಾ ಸಂಜೆ ಸ್ಕೂಟರಿನ ಸದ್ದು ಕೇಳಿದರೆ ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಭಾವ ಚಪ್ಪಲಿ ಬಿಡುವ ಮೊದಲೇ ಕೇಳುವರು: ‘ಚಾರ್ಜ್ ಉಟ್ಟಾ?’

‘ಇಲ್ಲೆ’ ಎಂದು ಅವರ ಭಾಷೆಯಲ್ಲೇ ನಾನು ಹೇಳಬೇಕು. ಅವರು ನಗಬೇಕು. ಆಮೇಲೆ ಕಾಫಿ.

ನಾನು ಯಂತ್ರದ ಬೆನ್ನು ಬಿದ್ದೆ. ಲಿನಕ್ಸಿನ ಒಂದು ಗುಣ ಎಂದರೆ ಕೇಳಿದರೆ ಹೇಳುತ್ತದೆ, ಮುಚ್ಚಿಡುವುದಿಲ್ಲ. ಕೇಳುವುದು ಹೇಗೆಂದು ಮಾತ್ರ ನಾವು ಕಲಿಯಬೇಕು. ಯಾವ ಪ್ರೋಗ್ರಾಂ ಎಷ್ಟು ವಿದ್ಯುತ್ತು ಕುಡಿಯುತ್ತಿದೆ ಎಂದು ತೋರಿಸುವ ಒಂದು ಸಾಧನ ಹಾಕಿ ನೋಡಿದೆ. ಬ್ರೌಸರಿನ ಬೇಡದ ಕಿಟಕಿಗಳನ್ನು ಮುಚ್ಚಿದೆ, ಬ್ಲೂಟೂತ್ ಆರಿಸಿದೆ, ಪರದೆಯ ಬೆಳಕು ಇಳಿಸಿದೆ. ಹಗಲು ಬ್ಯಾಟರಿ ಚೆನ್ನಾಗಿಯೇ ನಿಂತಿತು. ಬೆಳಿಗ್ಗೆ ಎದ್ದರೆ ಮತ್ತೆ ಬರಿದು. ಅಂದರೆ ಕಳ್ಳತನ ಆಗುತ್ತಿರುವುದು ಮುಚ್ಚಳ ಮುಚ್ಚಿದ ಮೇಲೆ.

ಆಗ ಗೊತ್ತಾಯಿತು, ಈ ಯಂತ್ರಕ್ಕೆ ಎರಡು ಬಗೆಯ ನಿದ್ದೆ ಇದೆ ಎಂದು. ಒಂದು ಕೋಳಿನಿದ್ದೆ. ಪರದೆ ಆರಿರುತ್ತದೆ, ಒಳಗೆ ಎಚ್ಚರವೇ, ಸಣ್ಣ ನೆಪ ಸಿಕ್ಕರೂ ಎದ್ದು ಕೂರುತ್ತದೆ. ಇನ್ನೊಂದು ಗಾಢನಿದ್ದೆ. ನೆನಪೊಂದನ್ನು ಬಿಟ್ಟು ಉಳಿದದ್ದೆಲ್ಲ ಮಲಗಿರುತ್ತದೆ. ನನ್ನದು ಕೋಳಿನಿದ್ದೆಯಲ್ಲಿತ್ತು. ಗಾಢನಿದ್ದೆಗೆ ಬದಲಾಯಿಸಿದೆ. ಮೊದಲ ಸಲ ಮಲಗಿದ್ದು ಏಳಲೇ ಇಲ್ಲ, ಬಟನ್ ಒತ್ತಿಹಿಡಿದು ಆರಿಸಿ ಮತ್ತೆ ಹಚ್ಚಬೇಕಾಯಿತು. ತಲೆ ಕೆಟ್ಟುಹೋಯಿತು. ಲಿನಕ್ಸಿನ ತಿರುಳಾದ ಕರ್ನಲ್ಲನ್ನು ಹೊಸದಕ್ಕೆ ಏರಿಸಿದ ಮೇಲೆ ಸರಿಹೋಯಿತು. ಮರುದಿನ ಬೆಳಿಗ್ಗೆ ಬ್ಯಾಟರಿ ಹೆಚ್ಚೇನೂ ಇಳಿದಿರಲಿಲ್ಲ. ಸಂಜೆ ಭಾವ ಬಂದು ಕೇಳಿದಾಗ ‘ಉಟ್ಟು!’ ಎಂದೆ, ಜಗಲಿ ಅದುರುವ ಹಾಗೆ.

ಆದರೆ ಚಾರ್ಜಿಂಗಿನ ಕಾಟ ತಪ್ಪಲಿಲ್ಲ. ಬೆಳಿಗ್ಗೆ ಚುಚ್ಚಿದರೆ ಅದೇ ‘ಚಾರ್ಜ್ ಆಗುತ್ತಿಲ್ಲ’. ಬೇರೆ ಪ್ಲಗ್ಗಿಗೆ ಹಾಕಿದೆ. ಗಂಡನ ಎಸ್ಟೇಟ್ ಆಫೀಸಿನಿಂದ ಚಾರ್ಜರ್ ತರಿಸಿ ನೋಡಿದೆ. ಅದೇ ಹಾಡು. ಬ್ಯಾಟರಿಯ ಆರೋಗ್ಯ ಕೇಳಿದರೆ ಅದು ಬೇಸಿಗೆಯಲ್ಲಿ ಇದ್ದದ್ದಕ್ಕಿಂತ ಎಷ್ಟೋ ಇಳಿದಿತ್ತು. ಕಾರಣವಿಲ್ಲದೆ ಒಂದು ಬ್ಯಾಟರಿ ಇಷ್ಟು ಬೇಗ ಮುದಿಯಾಗುವುದು ಹೇಗೆ?

ಸಿಟ್ಟಿನಲ್ಲಿರುವವಳಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಭಾವ! ದಿನಾ ಸಂಜೆ ಜಗಲಿಯಲ್ಲಿ ಕೂರುವವರು ಅವರೇ. ನಾನು ಕೋಳಿಗೂಡು ಮುಚ್ಚಲು ಹಿತ್ತಲಿಗೆ ಹೋದಾಗ ಲ್ಯಾಪ್‌ಟಾಪಿನ ಪಕ್ಕದಲ್ಲಿ ಇರುವವರೂ ಅವರೇ. ಏನೋ ಕಿತಾಪತಿ ಮಾಡುತ್ತಿದ್ದಾರೆ, ನನ್ನನ್ನು ಕೌಂಟರಿಗೆ ಎಳೆದುಕೊಳ್ಳಲು ಹೂಡಿದ ಆಟ ಇದು ಎಂದು ನನ್ನ ಮನಸ್ಸು ಷರಾ ಬರೆದುಬಿಟ್ಟಿತು. ಒಂದು ಸಂಜೆ ಮುಚ್ಚಳದ ಸಂದಿಗೆ ಅಡ್ಡಲಾಗಿ ಕೆಂಪು ನೂಲಿನ ಎಳೆಯೊಂದನ್ನು ಅಂಟಿಸಿ ಹಿತ್ತಲಿಗೆ ಹೋದೆ. ಬೆಳಿಗ್ಗೆ ನೋಡಿದರೆ ನೂಲು ಇರಲಿಲ್ಲ.

ನನಗೆ ಆದ ಸಂತೋಷ ಹೇಳತೀರದು. ಕಳ್ಳ ಸಿಕ್ಕಿದ್ದ. ಭಾನುವಾರದ ಊಟಕ್ಕೆ ನಾನು ಮಾತು ಸಿದ್ಧ ಮಾಡತೊಡಗಿದೆ. ಕಾಫಿ ಗಿಡದ ಚಿಗುರು ಕೀಳುವಾಗ, ತೆಂಗಿನಕಾಯಿ ತುರಿಯುವಾಗ, ಎಲ್ಲ ಹೊತ್ತಿನಲ್ಲೂ ಅದೇ. ಮೊದಲು ಮೆತ್ತಗೆ ಶುರು ಮಾಡುವುದು, ಆಮೇಲೆ ನೂಲಿನ ವಿಷಯ, ಆಮೇಲೆ ಅವರ ಅಂಗಡಿಯ ವಿಷಯ, ಕೊನೆಗೆ ಗಂಡನ ಆ ‘ನೋಡುವ’ದ ವಿಷಯ. ಒಬ್ಬರನ್ನೂ ಬಿಡುವುದಿಲ್ಲ ಎಂದುಕೊಂಡಿದ್ದೆ.

ಅಷ್ಟರಲ್ಲಿ ಒಂದು ವಾಸನೆ ಎಲ್ಲವನ್ನೂ ಕೆಡಿಸಿತು. ಬೆಳಿಗ್ಗೆ ಟೈಪ್ ಮಾಡುತ್ತಾ ಮೂಗು ತುರಿಸಿಕೊಂಡೆ. ಬೆರಳಿನಲ್ಲಿ ನುಸಿಗುಳಿಗೆಯ ವಾಸನೆ. ಕೀಬೋರ್ಡಿಗೆ ಮೂಗು ತಾಗಿಸಿದೆ. ಲ್ಯಾಪ್‌ಟಾಪಿಗೇ ನುಸಿಗುಳಿಗೆಯ ವಾಸನೆ! ಭಾವನ ಮೈಯಲ್ಲಿ ಪೆಟ್ರೋಲ್, ಗುಟ್ಕಾ ಏನು ಬೇಕಾದರೂ ಮೂಸಬಹುದು, ನುಸಿಗುಳಿಗೆ ಇಲ್ಲ. ಆ ವಾಸನೆ ನಮ್ಮ ಮನೆಯಲ್ಲಿ ಇರುವುದು ಒಂದೇ ಜಾಗದಲ್ಲಿ, ಅತ್ತೆಯ ಬಲ್ಬ್ ಬೀರುವಿನಲ್ಲಿ.

ಕೊಡಗಿನಲ್ಲಿ ಮಳೆಗಾಲ ಕಳೆದವರಿಗೆ ಬಲ್ಬ್ ಬೀರು ಎಂದರೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಇಲ್ಲಿ ಮಳೆ ಕೂತರೆ ಬಟ್ಟೆ, ಚಪ್ಪಲಿ, ಮದುವೆ ಆಲ್ಬಂ, ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಬೀರುವಿನ ಹಿಂಬದಿಗೆ ತೂತು ಕೊರೆದು, ವಯರ್ ಎಳೆದು, ಒಳಗೆ ಹಳೆಯ ಕಾಲದ ಬಿಸಿ ಬಲ್ಬೊಂದನ್ನು ಉರಿಸುತ್ತಾರೆ. ಮನೆಯ ಬೆಲೆಬಾಳುವ ವಸ್ತುಗಳೆಲ್ಲ ಆ ಕಾವಿನಲ್ಲಿ ಮಳೆಗಾಲ ಕಳೆಯುತ್ತವೆ. ಅದರೊಳಗೆ ಜಾಗ ಸಿಗುವುದೆಂದರೆ ಅತ್ತೆಯ ಲೆಕ್ಕದಲ್ಲಿ ದೊಡ್ಡ ಮರ್ಯಾದೆ. ನನ್ನ ಗಂಡನ ಕೋಟಿಗೇ ಅಲ್ಲಿ ಜಾಗ ಸಿಕ್ಕಿಲ್ಲ.

ಅವತ್ತು ಸಂಜೆ ಭಾವ ಕೆಳಗಿಳಿದ ಮೇಲೆ ನಾನು ಕೋಳಿಗೂಡಿಗೆ ಹೋದ ಹಾಗೆ ಮಾಡಿ ಬಾಗಿಲ ಸಂದಿಯಲ್ಲಿ ನಿಂತೆ. ಅತ್ತೆ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಂಡರು. ಲ್ಯಾಪ್‌ಟಾಪನ್ನು ತಮ್ಮ ಮೆತ್ತನೆಯ ಹಳೆ ಸೀರೆಯೊಂದರಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಬೀರುವಿನ ಮೇಲಿನ ಖಾನೆಯಲ್ಲಿ ಬಲ್ಬಿನ ಪಕ್ಕಕ್ಕೇ ಇಟ್ಟರು. ಸ್ವಿಚ್ಚು ಒತ್ತಿ ಬಾಗಿಲು ಹಾಕಿದರು. ಕತ್ತಲಾದ ಮೇಲೆ ನಾನು ಜಗಲಿಗೆ ಕಾಲಿಡುವವಳಲ್ಲ; ಬೆಳಿಗ್ಗೆ ನನಗಿಂತ ಮೊದಲು ಏಳುವವರು ಅವರು, ಏಳುತ್ತಲೇ ತಂದು ಮೇಜಿನ ಮೇಲೆ ಇಡುತ್ತಿದ್ದರು. ಹಿಂದೊಮ್ಮೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದಾಗ ಮುಟ್ಟಬೇಡಿ ಎಂದಿದ್ದೆ, ಅದಕ್ಕೇ ಏನೂ ಹೇಳದೆ ಮಾಡುತ್ತಿದ್ದರು.

ಎಲ್ಲ ಒಂದೇ ಸಲಕ್ಕೆ ತಿಳಿಯಿತು. ಸೀರೆ ಸುತ್ತಿ, ಗಾಳಿಯಿಲ್ಲದೆ, ಬಲ್ಬಿನ ಕಾವಿನಲ್ಲಿ ನನ್ನ ಲ್ಯಾಪ್‌ಟಾಪ್ ಬೇಯುತ್ತಿತ್ತು. ಕೋಳಿನಿದ್ದೆಯಲ್ಲಿದ್ದಾಗ ಒಳಗಿನ ಫ್ಯಾನು ಬಿಡದೆ ತಿರುಗಿ ಬ್ಯಾಟರಿ ಮುಗಿಸುತ್ತಿತ್ತು. ಬೆಳಿಗ್ಗೆ ನಾನು ಮುಟ್ಟುವಷ್ಟರಲ್ಲಿ ಮೇಲ್ಮೈ ಆರಿದ್ದರೂ ಒಳಗೆ ಬ್ಯಾಟರಿ ಎಷ್ಟು ಬಿಸಿಯೆಂದರೆ ಚಾರ್ಜ್ ಮಾಡಿದರೆ ಅಪಾಯ ಎಂದು ಯಂತ್ರವೇ ತಡೆಹಿಡಿಯುತ್ತಿತ್ತು. ನಾನು ತಿಂಡಿ ತಿನ್ನುವಷ್ಟರಲ್ಲಿ ಅದು ತಣಿಯುತ್ತಿತ್ತು, ಚಾರ್ಜ್ ಶುರುವಾಗುತ್ತಿತ್ತು. ಲಿನಕ್ಸ್ ತಪ್ಪು ಮಾಡಿರಲಿಲ್ಲ, ಚಾರ್ಜರ್ ತಪ್ಪು ಮಾಡಿರಲಿಲ್ಲ. ಹೊಟ್ಟೆ ಉರಿದದ್ದು ಯಾವುದಕ್ಕೆ ಎಂದರೆ, ಭಾವನೂ ತಪ್ಪು ಮಾಡಿರಲಿಲ್ಲ.

ನನ್ನ ಭಾಷಣ ಗಂಟಲಿನಲ್ಲೇ ಉಳಿಯಿತು. ಲಿನಕ್ಸ್ ನಿರಪರಾಧಿ ಎಂದು ಮೇಜಿನ ಮೇಲೆ ಸಾಬೀತು ಮಾಡಬೇಕಾದರೆ ಬಲ್ಬಿನ ವಿಷಯ ಹೇಳಬೇಕು. ಹೇಳಿದರೆ ಭಾವ ನನ್ನನ್ನು ಬಿಟ್ಟು ಅತ್ತೆಯನ್ನು ಹಿಡಿದುಕೊಳ್ಳುತ್ತಾರೆ. ಸತ್ತರೂ ಬಿಡುವುದಿಲ್ಲ. ‘ಅಮ್ಮ ಲ್ಯಾಪ್‌ಟಾಪನ್ನು ಹುರಿದರು’ ಎಂದು ಮೂರ್ನಾಡಿನ ಬಸ್‌ ಸ್ಟ್ಯಾಂಡಿನ ತನಕ ಹೇಳಿಕೊಂಡು ಬರುತ್ತಾರೆ. ಆ ಮೇಜಿನಲ್ಲಿ ನನ್ನ ಪರ ಬಾಯಿಬಿಟ್ಟದ್ದು ಅತ್ತೆ ಒಬ್ಬರೇ. ಭಾವನಿಗೆ ಹೊಡೆಯಲು ಅವರನ್ನು ನಡುವೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಸಿಟ್ಟು ಮಾತ್ರ ಹಾಗೆಯೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ.

ಮರುದಿನ ಅತ್ತೆಗೆ, ‘ಇನ್ನು ನಾನೇ ಬ್ಯಾಗಿನಲ್ಲಿ ಹಾಕಿ ಬೀರುವಿನಲ್ಲಿ ಇಡ್ತೇನೆ ಅತ್ತೆ, ನಿಮಗೆ ಯಾಕೆ ಕಷ್ಟ’ ಎಂದೆ. ಅವರ ಮುಖ ಅರಳಿತು. ‘ಗೊತ್ತಾಯ್ತಾ ನಿಂಗೆ? ಅಲ್ಲೇ ಇಡು, ಬೂಷ್ಟು ಬರುದಿಲ್ಲ’ ಎಂದರು. ಅಂದಿನಿಂದ ದಿನಾ ಸಂಜೆ ಬೀರು ಸೇರಿದ್ದು ನನ್ನ ಇಂಗ್ಲಿಷ್–ಕನ್ನಡ ನಿಘಂಟು. ಬ್ಯಾಗಿಗೆ ಅದರ ದಪ್ಪ, ಅದರ ತೂಕ ಸರಿಯಾಗಿ ಹೊಂದುತ್ತಿತ್ತು. ಲ್ಯಾಪ್‌ಟಾಪ್ ನನ್ನ ಮಂಚದ ಪಕ್ಕದ ಕಪಾಟಿನಲ್ಲಿ ತಣ್ಣಗೆ ಗಾಢನಿದ್ದೆ ಮಾಡುತ್ತಿತ್ತು. ಉಳಿದಿರುವ ಬ್ಯಾಟರಿ ಇನ್ನಷ್ಟು ಕಾಲ ಬಾಳಲಿ ಎಂದು, ಪೂರ್ತಿ ತುಂಬುವ ಮೊದಲೇ ಚಾರ್ಜ್ ನಿಲ್ಲುವ ಹಾಗೆ ಮಿತಿಯನ್ನೂ ಹಾಕಿದೆ. ಪರೀಕ್ಷೆಯ ದಿನ ಮಾತ್ರ ಆ ಮಿತಿ ತೆಗೆದು ಪೂರ್ತಿ ತುಂಬಿಸಿದೆ.

ಅವತ್ತೂ ಕರೆಂಟು ಹೋಯಿತು. ಮೊಬೈಲಿನ ನೆಟ್ ಹಿಡಿದುಕೊಂಡು, ಬ್ಯಾಟರಿಯ ಮೇಲೆಯೇ ಕೊನೆಯ ಸಾಲಿನವರೆಗೂ ಬರೆದೆ. ಕೆಲಸ ಸಿಕ್ಕಿತು. ಭಾವನಿಗೆ ಹೇಳಿದಾಗ ‘ಲಕ್ಕು’ ಎಂದರು.

ಕೈಲ್ ಮುಹೂರ್ತದ ಹಬ್ಬ ಬಂತು. ಮನೆಯ ಕೋವಿ, ಕತ್ತಿ, ಗುದ್ದಲಿಗಳನ್ನೆಲ್ಲ ಒರೆಸಿ, ದೇವರ ಮುಂದಿಟ್ಟು, ಗಂಧ ಹಚ್ಚಿ ಪೂಜೆ ಮಾಡುವ ದಿನ. ಅತ್ತೆ ನನ್ನ ಲ್ಯಾಪ್‌ಟಾಪನ್ನೂ ಕೇಳಿ ತೆಗೆದುಕೊಂಡು ಹೋಗಿ ಕೋವಿಯ ಪಕ್ಕ ಇಟ್ಟು ಹೂ ಮುಡಿಸಿದರು. ಅದೇ ಚಿಕ್ಕಪ್ಪ, ಅದೇ ಚಿಕ್ಕಮ್ಮ, ಅದೇ ಮೇಜು. ಊಟದ ಮೇಲೆ ಭಾವ ತಮ್ಮ ಹೊಸ ಲ್ಯಾಪ್‌ಟಾಪ್ ತಂದು, ನೆಂಟರ ಮದುವೆಯ ವಿಡಿಯೋ ಹಾಕಿದರು. ಎಲ್ಲರೂ ಸುತ್ತ ಕೂತರು. ಹೆಣ್ಣಿಗೆ ಧಾರೆ ಎರೆಯುವ ಹೊತ್ತಿಗೆ ಕರೆಂಟು ಹೋಯಿತು, ಭಾವನ ಪರದೆಯೂ ಹೋಯಿತು. ಹಬ್ಬದ ಗಡಿಬಿಡಿಯಲ್ಲಿ ಅವರು ಅದನ್ನು ಚಾರ್ಜ್ ಮಾಡಿಯೇ ಇರಲಿಲ್ಲ.

ನಾನು ಎದ್ದೆ. ದೇವರ ಮುಂದಿನಿಂದ ನನ್ನದನ್ನು ತಂದೆ. ಗಂಧ ಒರೆಸಿದೆ. ಅವರ ಪೆನ್‌ಡ್ರೈವ್ ಚುಚ್ಚಿದೆ. ಧಾರೆ ಮುಗಿಯಿತು, ಊಟದ ಪಂಕ್ತಿ ಮುಗಿಯಿತು, ಹೆಣ್ಣು ಕಳಿಸುವುದೂ ಮುಗಿಯಿತು, ಇನ್ನೂ ಬ್ಯಾಟರಿ ಉಳಿದಿತ್ತು. ಆಗ ನಾನು ಭಾವನ ಕಡೆ ತಿರುಗಿ, ಸಕ್ಕರೆ ಬೆರೆಸಿ ಕೇಳಿದೆ.

‘ಭಾವ, ಚಾರ್ಜ್ ಉಟ್ಟಾ?’

ಚಿಕ್ಕಪ್ಪ ನಕ್ಕ ಸದ್ದಿಗೆ ಅಂಗಳದ ನಾಯಿ ಎದ್ದಿತು. ಗಂಡನೂ ನಕ್ಕರು, ಈ ಸಲ ತಟ್ಟೆ ನೋಡದೆ. ಭಾವನ ಕಿವಿ ಕೆಂಪಾದದ್ದನ್ನು ನಾನು ಕಣ್ತುಂಬ ನೋಡಿದೆ. ಹೊಟ್ಟೆ ತಣ್ಣಗಾಯಿತು. ಪೂರ್ತಿ ಅಲ್ಲ.

‘ಅದೆಂತ ಮಾಡಿದೆ ನೀನು ಬ್ಯಾಟರಿಗೆ?’ ಎಂದು ಭಾವ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅಡುಗೆಮನೆಯಿಂದ ಬಂದರು.

‘ಅವಳು ಎಂತ ಮಾಡುದು? ನಾನು ಮಾಡಿದ್ದು. ಮಳೆ ಶುರುವಾದಂದಿನಿಂದ ನನ್ನ ಬಲ್ಬ್ ಬೀರುವಿನಲ್ಲೇ ಇಟ್ಟು ಕಾಪಾಡಿದ್ದು. ಕೇಳು ಅವಳ ಹತ್ರ.’

ಎಲ್ಲರೂ ನನ್ನನ್ನು ನೋಡಿದರು. ‘ಹೌದು, ಅತ್ತೆಯೇ ಇಟ್ಟಿದ್ದು’ ಎಂದೆ. ಒಂದಕ್ಷರ ಸುಳ್ಳಿಲ್ಲ.

ಭಾವ ನನ್ನ ಲ್ಯಾಪ್‌ಟಾಪನ್ನು ಮುಟ್ಟಿ ನೋಡಿದರು. ‘ಸರಿಯೇ. ತೇವಕ್ಕೆ ಬ್ಯಾಟರಿ ಹಾಳಾಗುದು ಉಂಟು’ ಎಂದರು, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಧ್ವನಿಯಲ್ಲಿ. ತಮ್ಮ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಅತ್ತೆಯ ಕೈಗೆ ಕೊಟ್ಟರು. ‘ಮಳೆ ಬಿಡುವ ತನಕ ನನ್ನದೂ ಅಲ್ಲೇ ಇಡಿ ಅಮ್ಮ. ಸಂಜೆ ಕೊಡ್ತೇನೆ, ಬೆಳಿಗ್ಗೆ ಅಂಗಡಿಗೆ ಹೋಗುವಾಗ ತಗೊಳ್ತೇನೆ.’

ಅತ್ತೆಗೆ ಇಷ್ಟು ಮರ್ಯಾದೆ ಆ ಮಗನಿಂದ ಸಿಕ್ಕಿದ್ದನ್ನು ನಾನು ನೋಡಿರಲಿಲ್ಲ. ಕರೆಂಟು ಬಂದಿತ್ತು. ನಾನು ಅವರ ಹಿಂದೆಯೇ ಒಳಗೆ ಹೋದೆ. ಅತ್ತೆಯ ಹಳೆ ಸೀರೆಯೊಂದನ್ನು ತೆಗೆದು ಸುತ್ತಲು ಕೊಟ್ಟೆ. ಭಾವ ಎಂದೂ ಯಂತ್ರವನ್ನು ಪೂರ್ತಿ ಆರಿಸುವವರಲ್ಲ, ಮುಚ್ಚಳ ಮುಚ್ಚುವುದು ಅಷ್ಟೆ ಎಂಬುದು ನನಗೆ ಗೊತ್ತಿತ್ತು. ಹೇಳಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಮಾತು ತುಟಿಯ ತನಕ ಬಂದಿತ್ತು ಕೂಡ.

ಆಗ ಜಗಲಿಯಿಂದ ಭಾವನ ಧ್ವನಿ ಕೇಳಿತು. ಚಿಕ್ಕಪ್ಪನಿಗೆ ಹೇಳುತ್ತಿದ್ದರು: ‘ಈ ಅನುವಾದ ಗಿನುವಾದ ಎಲ್ಲ ಎಷ್ಟು ದಿನ? ಕೌಂಟರಿಗೆ ನಾನಿನ್ನೂ ಜನ ಹುಡುಕಲಿಲ್ಲ. ಬರ್ತಾಳೆ, ನೋಡಿ.’

ಅತ್ತೆ ಭಾವನ ಲ್ಯಾಪ್‌ಟಾಪನ್ನು, ಬೆಳಿಗ್ಗೆ ನಾನು ಹೊರತೆಗೆಯಲು ಮರೆತಿದ್ದ ನಿಘಂಟಿನ ಬ್ಯಾಗಿನ ಪಕ್ಕದಲ್ಲಿ, ಬಲ್ಬಿಗೆ ಹತ್ತಿರವಾಗಿ ಇಟ್ಟು ಬಾಗಿಲು ಹಾಕಿದರು. ಸ್ವಿಚ್ಚು ನನ್ನ ಕೈಯ ಬಳಿಯೇ ಇತ್ತು. ನಾನೇ ಒತ್ತಿದೆ. ಬಟನ್ ಒತ್ತುವುದು ಮಾತ್ರ ತಾನೇ, ಅದಕ್ಕೆ ತಲೆ ಬೇಡ.